ಹತ್ತು ಕಂಬದ ಚದುರಂಗ

ಗೆಳೆಯರೆಲ್ಲ ಆನ್‌ಲೈನಲ್ಲಿ ಸೇರಿ ಹೊಸ ಬಗೆಯ ಚದುರಂಗ ಕಟ್ಟೋಕೆ ಹೊರಟರೆ ಎಲ್ಲರ ಉತ್ಸಾಹವೂ ಹೊಸ ಕಾಯಿಗಳ ಮೇಲೇ. ಎಡವೋದು ಮಾತ್ರ ಜೋಡಣೆಯಲ್ಲಿ.

1920ರ ದಶಕದಲ್ಲಿ ಚದುರಂಗಪಟು ಕ್ಯಾಪಾಬ್ಲಾಂಕಾ ಸೂಚಿಸಿದ ಆಟ ನೋಡಿ. ಹತ್ತು ಕಂಬ, ಎಂಟು ಸಾಲು. ಒಂಟೆ-ಕುದುರೆ ಎರಡರ ನಡೆಯೂ ಇರುವ ಆರ್ಚ್‌ಬಿಷಪ್, ಆನೆ-ಕುದುರೆ ನಡೆಯ ಚಾನ್ಸೆಲರ್. ಬಿಳಿಯ ಎಡದಿಂದ: ಆನೆ, ಕುದುರೆ, ಆರ್ಚ್‌ಬಿಷಪ್, ಒಂಟೆ, ಮಂತ್ರಿ, ರಾಜ, ಒಂಟೆ, ಚಾನ್ಸೆಲರ್, ಕುದುರೆ, ಆನೆ. ಎಣಿಸಿ ನೋಡಿ, ಒಂಬತ್ತನೇ ಕಂಬದ ಪದಾತಿಗೆ ಕಾವಲೇ ಇಲ್ಲ! ಬಿಳಿ ತನ್ನ ನಾಲ್ಕನೇ ಕಂಬದ ಪದಾತಿ ಸರಿಸಿದರೆ ಸಾಕು, ಆರ್ಚ್‌ಬಿಷಪ್‌ನ ಓರೆದಾರಿ ತೆರೆದು ಕಪ್ಪಿನ ಅದೇ ಪದಾತಿಗೆ ಗುರಿ. ಕಪ್ಪು ಮೊದಲ ನಡೆಯಲ್ಲೇ ರಕ್ಷಣೆಗೆ ಇಳೀಬೇಕು. ವಿಶ್ವ ಚಾಂಪಿಯನ್ ಆಗಿದ್ದವನ ಜೋಡಣೆಯಲ್ಲೇ ಹೀಗಿದ್ದರೆ ನಮ್ಮದು ಯಾವ ಲೆಕ್ಕ?

ಹಾಗಾಗಿ ಆಡುವ ಮುನ್ನ ಪ್ರತಿ ಪದಾತಿಗೂ ಕಾವಲಿದೆಯಾ ನೋಡಿ. ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ, ಬಣ್ಣ ಅದಲುಬದಲು ಮಾಡಿ ಆಡಿ; ಇಲ್ಲಾಂದ್ರೆ ಯಾವುದರಿಂದ ಆಟ ಕೆಟ್ಟಿತು ಅನ್ನೋದೇ ತಿಳಿಯಲ್ಲ.

ಪರೀಕ್ಷೆಗೆ ಬಗೆಬಗೆಯ ಚದುರಂಗ ಆಡುವ ತಂತ್ರಾಂಶ ಫೇರಿ-ಸ್ಟಾಕ್‌ಫಿಶ್ ಒಳ್ಳೇದು, ನಿಯಮಗಳನ್ನು ಸಣ್ಣ ಕಡತದಲ್ಲಿ ಬರೆದರೆ ಸಾಕು. ಹತ್ತು ಕಂಬಕ್ಕೆ ಅದರ ದೊಡ್ಡ ಹಾಸಿನ ಆವೃತ್ತಿಯೇ ಬೇಕು. ಆ ಕಡತದಲ್ಲಿ ಆರಂಭದ ಸ್ಥಿತಿ ಬರೆಯುವಾಗ ಖಾಲಿ ಮನೆಗಳನ್ನು ಅಂಕಿಯಲ್ಲಿ ಎಣಿಸಿ ಬರೀತೀವಿ; ಪೂರ್ತಿ ಖಾಲಿ ಸಾಲಿಗೆ ಅಭ್ಯಾಸಬಲದಿಂದ 8 ಅಂತ ಬರೆಯೋದು ಮಾಮೂಲಿ ತಪ್ಪು; ಅಲ್ಲಿ 10 ಇರಬೇಕು.

ಅಂದಹಾಗೆ, ಮೂಲೆಯಲ್ಲಿ ಒಂಟಿಯಾಗಿ ಸಿಕ್ಕ ರಾಜನಿಗೆ ಆರ್ಚ್‌ಬಿಷಪ್ ಯಾರ ನೆರವೂ ಇಲ್ಲದೆ ಮೇಟ್ ಕೊಡಬಲ್ಲದು: ಓರೆಯಲ್ಲಿ ಎರಡು ಮನೆ ಆಚೆ ನಿಂತರೆ ಆಯ್ತು. ಮಂತ್ರಿಗೂ ಅದು ಆಗದು.