ಲಾನ್‌ಗೆ ಬೀಜ ಹಾಕೋದು ಏಪ್ರಿಲ್‌ನಲ್ಲಲ್ಲ, ಗಣೇಶನ ಹಬ್ಬದ ಹೊತ್ತಿಗೆ

ಅಮೆರಿಕದ ಉತ್ತರ ತುದಿಯ ಮಿನೆಸೋಟಾ ರಾಜ್ಯದಲ್ಲಿ ಹಿಮ ಕರಗಿದ್ದೇ ತಡ, ಎಲ್ಲರಿಗೂ ಲಾನ್ ನೆನಪಾಗುತ್ತದೆ. ತಿಂಗಳುಗಟ್ಟಲೆ ಬರೀ ಬಿಳಿ ನೋಡಿದ ಕಣ್ಣಿಗೆ ಹಸಿರು ಬೇಕು. ಅಂಗಡಿಯವರಿಗೂ ಇದು ಗೊತ್ತು, ಅದಕ್ಕೇ ಏಪ್ರಿಲ್‌ನಲ್ಲಿ ಬಾಗಿಲ ಹತ್ತಿರವೇ ಬೀಜದ ಚೀಲ ಪೇರಿಸಿಟ್ಟಿರುತ್ತಾರೆ. ನನ್ನ ಮಾತು ಕೇಳಿ, ಆಗ ಕೊಳ್ಳಬೇಡಿ. ಇಲ್ಲಿನ ಹುಲ್ಲಿಗೆ ಬೀಜ ಹಾಕುವ ಕಾಲ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ನಮ್ಮವರು ನೆನಪಿಟ್ಟುಕೊಳ್ಳುವುದು ಸುಲಭ, ಹೆಚ್ಚೂಕಡಿಮೆ ಗಣೇಶನ ಹಬ್ಬದ ಆಸುಪಾಸು. ಹಬ್ಬ ತೀರಾ ತಡವಾಗಿ ಬರುವ ವರ್ಷ ಮಾತ್ರ ಅದಕ್ಕೆ ಕಾಯಬೇಡಿ.

ಆಗ ಏನು ವಿಶೇಷ ಅಂದರೆ, ಬೇಸಿಗೆಯ ಬಿಸಿ ಮಣ್ಣಿನಲ್ಲಿ ಇನ್ನೂ ಉಳಿದಿರುತ್ತದೆ, ಮೇಲೆ ಗಾಳಿ ತಂಪಾಗುತ್ತಿರುತ್ತದೆ. ಬೀಜ ಬೇಗ ಮೊಳೆಯುತ್ತದೆ, ಬಿಸಿಲಿಗೆ ಬಾಡುವುದಿಲ್ಲ. ಕ್ರಾಬ್‌ಗ್ರಾಸ್‌ನಂಥ ಕಳೆಗಳ ಆಟವೂ ಮುಗಿಯುತ್ತಾ ಬಂದಿರುತ್ತದೆ. ವಸಂತದಲ್ಲಿ ಎಲ್ಲ ತಿರುಗುಮುರುಗು. ಮಣ್ಣು ತಣ್ಣಗಿರುತ್ತದೆ, ಬೀಜ ಸುಮ್ನೆ ಬಿದ್ದಿರುತ್ತದೆ, ಅದು ಏಳುವ ಹೊತ್ತಿಗೆ ಕಳೆಯೂ ಏಳುತ್ತದೆ. ಕಳೆ ಬರದ ಹಾಗೆ ಮೊದಲೇ ಔಷಧಿ ಹಾಕೋಣ ಅಂದರೆ, ಅವುಗಳಲ್ಲಿ ಹೆಚ್ಚಿನವು ನಿಮ್ಮ ಹುಲ್ಲಿನ ಬೀಜವನ್ನೂ ಬೆಳೆಯಲು ಬಿಡುವುದಿಲ್ಲ. ಇಷ್ಟೆಲ್ಲ ದಾಟಿ ಬಂದ ಎಳೆ ಹುಲ್ಲಿಗೆ ಬೇರು ಇಳಿಯುವ ಮೊದಲೇ ಜುಲೈ ಬಿಸಿಲು.

ಅಂದಹಾಗೆ, ಗಣೇಶನಿಗೆ ಏರಿಸುವ ಗರಿಕೆಯೇ ಅಮೆರಿಕದಲ್ಲಿ ಬರ್ಮುಡಾ ಗ್ರಾಸ್. ದಕ್ಷಿಣದ ರಾಜ್ಯಗಳಲ್ಲಿ ಅದೇ ಲಾನ್. ಅದು ಸೆಕೆಯ ಹುಲ್ಲು, ನಮ್ಮ ಚಳಿಗೆ ಬದುಕುವುದಿಲ್ಲ. ಪೂಜೆಗೆ ಬೇಕಿದ್ದರೆ ಕುಂಡದಲ್ಲಿ ಬೆಳೆಸಿ ಚಳಿಗಾಲಕ್ಕೆ ಒಳಗೆ ತರಬೇಕು. ನಮ್ಮ ಅಂಗಳಗಳಲ್ಲಿ ಇರುವುದು ಹೆಚ್ಚಾಗಿ ಕೆಂಟಕಿ ಬ್ಲೂಗ್ರಾಸ್. ಹೆಸರು ಕೆಂಟಕಿ, ಬಂದದ್ದು ಯುರೋಪಿನಿಂದ.

ಬೀಜಕ್ಕಿಂತ ಮೊದಲು ಮಣ್ಣು. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟುವಾಗ ಮೇಲಿನ ಒಳ್ಳೇ ಮಣ್ಣನ್ನು ಕೆರೆದು ತೆಗೆಯುತ್ತಾರೆ, ಉಳಿದದ್ದರ ಮೇಲೆ ತಿಂಗಳುಗಟ್ಟಲೆ ದೊಡ್ಡ ಯಂತ್ರಗಳು ಓಡಾಡುತ್ತವೆ, ಕೊನೆಗೆ ತೆಳ್ಳಗೆ ಒಂದು ಪದರ ಮಣ್ಣು ಹಾಕಿ ಸುರುಳಿ ಹುಲ್ಲು ಹಾಸಿ ಕೀಲಿಕೈ ಕೊಡುತ್ತಾರೆ. ಕೆಳಗೆ ಗಟ್ಟಿ ಜೇಡಿ. ಮಳೆ ಬಂದ ಮರುದಿನ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿಯದಿದ್ದರೆ ಬೇರೂ ಇಳಿಯುವುದಿಲ್ಲ, ನೀರೂ ಇಳಿಯುವುದಿಲ್ಲ. ಏರೇಟ್ ಮಾಡಬೇಕಿರುವುದು, ಅಂದರೆ ಗಾಳಿ ನೀರು ಇಳಿಯಲು ಮಣ್ಣಿಗೆ ತೂತು ಹಾಕಬೇಕಿರುವುದು ಅಲ್ಲೇ.

ಇದಕ್ಕೆ ಬೇಕಾದದ್ದು ಕೋರ್ ಏರೇಟರ್. ಎರಡು ಮೂರು ಇಂಚು ಉದ್ದದ ಮಣ್ಣಿನ ತುಂಡುಗಳನ್ನು ಕಿತ್ತು ಮೇಲೆ ಹಾಕುವ ಯಂತ್ರ. ಬೂಟಿಗೆ ಕಟ್ಟಿಕೊಳ್ಳುವ ಮೊಳೆ ಚಪ್ಪಲಿ ಮಾರುತ್ತಾರಲ್ಲ, ಅದು ವ್ಯಾಯಾಮಕ್ಕೆ ಸರಿ. ಅದು ಮಣ್ಣನ್ನು ಹೊರಗೆ ತೆಗೆಯುವುದಿಲ್ಲ, ಪಕ್ಕಕ್ಕೆ ಒತ್ತಿ ಇನ್ನಷ್ಟು ಗಟ್ಟಿ ಮಾಡುತ್ತದೆ. ಕೋರ್ ಏರೇಟರ್ ಬಾಡಿಗೆಗೆ ಸಿಗುತ್ತದೆ, ಆದರೆ ಬಲು ಭಾರ. ವ್ಯಾನಿನಿಂದ ಇಳಿಸಲು ಇನ್ನೊಬ್ಬರು ಬೇಕು, ಹಾಗಾಗಿ ಪಕ್ಕದ ಮನೆಯವರ ಜೊತೆ ಸೇರಿ ತಂದು ಬಾಡಿಗೆ ಹಂಚಿಕೊಳ್ಳುವುದೇ ವಾಸಿ. ಸ್ಪ್ರಿಂಕ್ಲರ್ ತಲೆಗಳ ಪಕ್ಕ ಮೊದಲೇ ಬಾವುಟ ಚುಚ್ಚಿಡಿ. ನೆಲ ಅಗೆಯುವ ಮುನ್ನ ಕರೆಯಲೆಂದೇ ಇರುವ 811ಕ್ಕೆ ಫೋನ್ ಮಾಡಿದರೆ ಗ್ಯಾಸ್, ಕರೆಂಟ್, ಕೇಬಲ್ ಎಲ್ಲಿ ಹೋಗಿದೆ ಅಂತ ಪುಕ್ಕಟೆ ಗುರುತು ಹಾಕಿಕೊಡುತ್ತಾರೆ. ನಿಮ್ಮದೇ ಸ್ಪ್ರಿಂಕ್ಲರ್ ಪೈಪು, ನಾಯಿ ದಾಟದಿರಲೆಂದು ಹೂತ ತಂತಿ, ಇವು ಮಾತ್ರ ನಿಮ್ಮ ಜವಾಬ್ದಾರಿ.

ಹಿಂದಿನ ದಿನ ನೀರು ಬಿಟ್ಟು ಮಣ್ಣು ಹದಕ್ಕೆ ಬರಲಿ. ಕೆಸರಾದರೂ ಕಷ್ಟ, ಒಣಗಿದರೂ ಕಷ್ಟ. ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಿ, ಯಂತ್ರವನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಓಡಿಸಿ. ಚದರ ಅಡಿಗೆ 20ರಿಂದ 40 ತೂತು ಬಿದ್ದರೆ ಒಳ್ಳೆಯದು, ಒಂದೇ ಸುತ್ತಿಗೆ ಅಷ್ಟು ಬೀಳುವುದಿಲ್ಲ. ಆಮೇಲೆ ಅಂಗಳ ನೋಡಿದರೆ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬಂದು ಹೋದ ಹಾಗಿರುತ್ತದೆ. ಆ ಮಣ್ಣಿನ ತುಂಡುಗಳನ್ನು ಗುಡಿಸಬೇಡಿ. ಮಳೆಗೆ, ಹುಲ್ಲು ಕತ್ತರಿಸುವ ಮೋವರ್‌ಗೆ ಪುಡಿಯಾಗಿ ಕೆಲವು ವಾರಗಳಲ್ಲಿ ತಾನೇ ಸೇರಿಹೋಗುತ್ತದೆ.

ಬೀಜ ಕೊಳ್ಳುವಾಗ ಚೀಲದ ಮುಂದಿನ ಚಿತ್ರ ಬಿಡಿ, ಹಿಂದಿನ ಚೀಟಿ ಓದಿ. ಕೆಲವು ಚೀಲದಲ್ಲಿ ಅರ್ಧ ತೂಕ ಬರೀ ಬೀಜಕ್ಕೆ ಬಳಿದ ಲೇಪನ. ಅಗ್ಗದ ಮಿಶ್ರಣದಲ್ಲಿ ಆನ್ಯುಯಲ್ ರೈಗ್ರಾಸ್ ಇರುತ್ತದೆ, ಬೇಗ ಹಸಿರಾಗಿ ಚಳಿಗೆ ಸತ್ತುಹೋಗುವ ಜಾತಿ. ಬಿಸಿಲಿಗೆ ಬ್ಲೂಗ್ರಾಸ್ ಒಳ್ಳೆಯದು, ನೆಲದೊಳಗೇ ಹಬ್ಬಿ ಖಾಲಿ ಜಾಗ ತುಂಬುತ್ತದೆ. ಮರದ ನೆರಳಿಗೆ ಫೈನ್ ಫೆಸ್ಕ್ಯೂ ಎಂಬ ಸಣ್ಣ ಎಲೆಯ ಹುಲ್ಲು. ಈಗಿರುವ ಹುಲ್ಲಿನ ಮೇಲೆ ಬ್ಲೂಗ್ರಾಸ್ ಹಾಕುವುದಾದರೆ 1000 ಚದರ ಅಡಿಗೆ ಒಂದೆರಡು ಪೌಂಡ್ ಸಾಕು. ಜಾಸ್ತಿ ಸುರಿದರೆ ಸಸಿಗಳು ಒಂದನ್ನೊಂದು ಬೆಳೆಯಲು ಬಿಡುವುದಿಲ್ಲ. ಅಂದಹಾಗೆ, ರಂಜಕ ಇರುವ ಗೊಬ್ಬರಕ್ಕೆ ಈ ರಾಜ್ಯದಲ್ಲಿ ಕಾನೂನಿನ ತಡೆ ಇದೆ, ಕೆರೆಗಳಿಗೆ ಹರಿದು ಪಾಚಿ ಬೆಳೆಯುತ್ತದೆ ಅಂತ. ಹೊಸದಾಗಿ ಲಾನ್ ಮಾಡುವವರಿಗೆ, ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ವಿನಾಯಿತಿ ಇದೆ.

ಇಷ್ಟೆಲ್ಲ ಮಾಡಿದ ಮೇಲೂ ಜನ ಸೋಲುವುದು ನೀರಿನಲ್ಲಿ. ಶನಿವಾರ ಬೀಜ ಹಾಕುತ್ತಾರೆ, ಭಾನುವಾರ ಚೆನ್ನಾಗಿ ನೆನೆಸುತ್ತಾರೆ, ಸೋಮವಾರ ಆಫೀಸು. ಮೊಳಕೆ ಒಡೆಯುತ್ತಿರುವ ಬೀಜ ಒಮ್ಮೆ ಒಣಗಿದರೆ ಕಥೆ ಮುಗಿಯಿತು. ಮೇಲಿನ ಮಣ್ಣು ತೇವವಾಗಿರುವಷ್ಟು, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಬಿಡಿ. ಮಧ್ಯಾಹ್ನದ್ದನ್ನು ತಪ್ಪಿಸಬೇಡಿ. ನಲ್ಲಿಗೆ ಸಿಕ್ಕಿಸುವ ಅಗ್ಗದ ಟೈಮರ್ ಒಂದು ತನ್ನಿ, ದುಬಾರಿ ಬೀಜಕ್ಕಿಂತ ಅದೇ ಉಪಕಾರ. ಪೆರೆನಿಯಲ್ ರೈಗ್ರಾಸ್, ಅಂದರೆ ಒಂದೇ ವರ್ಷಕ್ಕೆ ಮುಗಿಯದ ರೈ ಜಾತಿ, ವಾರದಲ್ಲಿ ಕಾಣಿಸಿಕೊಳ್ಳುತ್ತದೆ, ಬ್ಲೂಗ್ರಾಸ್‌ಗೆ ಎರಡರಿಂದ ನಾಲ್ಕು ವಾರ ಬೇಕು. ಎರಡೂ ಇರುವ ಮಿಶ್ರಣದಲ್ಲಿ ರೈ ಎದ್ದ ಕೂಡಲೇ ನೀರು ನಿಲ್ಲಿಸಿದರೆ, ಇನ್ನೂ ಮಣ್ಣಿನಲ್ಲೇ ಇರುವ ಬ್ಲೂಗ್ರಾಸ್ ಅಲ್ಲೇ ಒಣಗುತ್ತದೆ. ಎಲ್ಲ ಎದ್ದ ಮೇಲೆ ನೀರಿನ ಸರದಿ ಕಮ್ಮಿ ಮಾಡಿ, ಬಿಡುವಾಗ ಆಳಕ್ಕೆ ಇಳಿಯುವಷ್ಟು ಬಿಡಿ. ಮೇಪಲ್ ಎಲೆ ಉದುರಿ ಎಳೆ ಹುಲ್ಲನ್ನು ಮುಚ್ಚಿದರೆ ಆಗಾಗ ತೆಗೆಯಿರಿ, ಕುಂಟೆಯಿಂದ ಕೆರೆಯದೆ ಬ್ಲೋವರ್‌ನಿಂದ ಮೆಲ್ಲಗೆ.

ಸೆಪ್ಟೆಂಬರ್ ತಪ್ಪಿಹೋದರೆ ಅಕ್ಟೋಬರ್‌ನಲ್ಲಿ ಮಾತ್ರ ಅವಸರಪಟ್ಟು ಹಾಕಬೇಡಿ. ಅರ್ಧ ಮೊಳೆತ ಸಸಿ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ನವೆಂಬರ್‌ನಲ್ಲಿ ಮಣ್ಣು ಪೂರ್ತಿ ತಣ್ಣಗಾದ ಮೇಲೆ, ನೆಲ ಹೆಪ್ಪುಗಟ್ಟುವ ಮುಂಚೆ ಚೆಲ್ಲಿ. ಬೀಜ ಮಲಗಿಯೇ ಇದ್ದು ವಸಂತದಲ್ಲಿ ಏಳುತ್ತದೆ. ಕೆಲವಷ್ಟು ಹಾಳಾಗುತ್ತದೆ, ಅದಕ್ಕೆ ಸ್ವಲ್ಪ ಜಾಸ್ತಿಯೇ ಹಾಕಿ. ಆ ಜಾಗಕ್ಕೆ ಮುಂದಿನ ಏಪ್ರಿಲ್‌ನಲ್ಲಿ ಕ್ರಾಬ್‌ಗ್ರಾಸ್ ಔಷಧಿ ಹಾಕಬೇಡಿ, ಲಾನ್ ಕಂಪನಿಯವರು ಬರುವುದಿದ್ದರೆ ಅವರಿಗೂ ಮೊದಲೇ ಹೇಳಿಡಿ.