ಕಾಂಪೌಂಡರ್ ಬ್ಯಾಚ್

ಶಾಲೆಯಲ್ಲಿ ನಮ್ಮನ್ನು ‘ಕಾಂಪೌಂಡರ್ ಬ್ಯಾಚ್’ ಅಂತ ಕರೆಯುತ್ತಿದ್ದರು. ಹೈಸ್ಕೂಲಿನಲ್ಲಿ ಆರೋಗ್ಯ ವಿಭಾಗ ತೆಗೆದುಕೊಂಡವರು ಅಂದರೆ ಗಣಿತ ಬರದವರು, ಬೇರೆಲ್ಲೂ ಸಲ್ಲದವರು ಅನ್ನೋದು ಉಳಿದ ಸೆಕ್ಷನ್‌ಗಳ ತೀರ್ಮಾನ. ಬೇಜಾರಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮಧ್ಯಾಹ್ನ ಅವರೆಲ್ಲ ಬೆಂಚಿನ ಮೇಲೆ ತೂಕಡಿಸುವ ಹೊತ್ತಿಗೆ ನಾವು ಒಬ್ಬರ ಕೈ ಇನ್ನೊಬ್ಬರು ಹಿಡಿದು ಪಲ್ಸ್ ಎಣಿಸುತ್ತಿದ್ದೆವು, ಮಂಚದ ಶೀಟ್ ಬದಲಿಸುತ್ತಿದ್ದೆವು, ಪ್ಲಾಸ್ಟಿಕ್ ಬೊಂಬೆಯ ಎದೆ ಒತ್ತಿ ಬೆವರುತ್ತಿದ್ದೆವು. ನಿದ್ದೆಗೆ ಪುರುಸೊತ್ತೇ ಇರಲಿಲ್ಲ.

ಈಗ ನಾನು ಡಯಾಲಿಸಿಸ್ ಟೆಕ್ನಿಷಿಯನ್, ಅಂದರೆ ಕಿಡ್ನಿ ಕೆಲಸ ಮಾಡದವರ ರಕ್ತವನ್ನು ಮೆಷಿನ್ನಿನಲ್ಲಿ ಶುದ್ಧ ಮಾಡುವ ಕೆಲಸ. ಶಾಲೆ ಮುಗಿಸಿ, ಡಿಪ್ಲೊಮಾ ಮಾಡಿ ಈ ಕೆಲಸಕ್ಕೆ ಬಂದೆ. ಶಾಲೆಯ ಮ್ಯಾಗಜೀನ್‌ಗೆ ಏನಾದರೂ ಬರೆದುಕೊಡಿ ಅಂದಾಗ ಸ್ಕೂಲ್ ಡೇ, ಟೂರು ಯಾವುದೂ ನೆನಪಾಗಲಿಲ್ಲ. ನಮ್ಮ ಪ್ರಾಕ್ಟಿಕಲ್ ಮೇಡಂ ರೆಕಾರ್ಡ್ ಬುಕ್ಕಿನಲ್ಲಿ ಕೆಂಪು ಪೆನ್ನಿಂದ ಗೀಚುತ್ತಿದ್ದ ಎರಡು ಪದ ನೆನಪಾಯಿತು: ಎಣಿಸಿ ಬರೆ. ಹಾಗಾಗಿ ಅದರ ಸುತ್ತಲೇ ಬರೆಯುತ್ತೇನೆ.

ಮೇಡಂ ಟೀಚರ್ ಆಗುವ ಮೊದಲು ವಾರ್ಡಿನಲ್ಲಿ ನರ್ಸ್ ಆಗಿ ದುಡಿದವರು. ಜೋರು ದನಿ ಇಲ್ಲ, ಬೈಯೋದೂ ಕಡಿಮೆ. ಆದರೆ ಬಿಪಿ ಕಾಲಂನಲ್ಲಿ ಸಾಲಾಗಿ 120/80 ಅಂತ ಕಂಡರೆ ಸಾಕು, ಕನ್ನಡಕದ ಮೇಲಿಂದ ನೋಡೋರು. “ಇಡೀ ಕ್ಲಾಸಿಗೆ ಒಂದೇ ಬಿಪಿನಾ? ಎಲ್ಲರ ಎದೆಗೂ ಒಂದೇ ಮೋಟಾರು ಕೂರಿಸಿದಾರಾ?” ಅಂತ ಕೇಳೋರು. 125 ಅಂತ ಯಾರಾದರೂ ಬರೆದರೆ ಅವರ ಕಥೆ ಮುಗಿಯಿತು ಅಂತಲೇ ಲೆಕ್ಕ. ಪಾದರಸದ ಬಿಪಿ ಮೆಷಿನ್ನಿನಲ್ಲಿ ಗೆರೆಗಳು ಎರಡೆರಡು ಮಿಲಿಮೀಟರಿಗೆ ಒಂದರಂತೆ ಇರುತ್ತವೆ. 122, 124, 126 ಓದಬಹುದು. 125ಕ್ಕೆ ಗೆರೆಯೇ ಇಲ್ಲ. ಅಂದರೆ ಬರೆದವರು ಗೆರೆ ನೋಡಿಲ್ಲ, ಮನಸ್ಸಿಗೆ ಬಂದದ್ದು ಬರೆದಿದ್ದಾರೆ ಅಂತ ಆಯಿತು. ಕಳ್ಳತನ ಹಿಡಿಯುವ ಇಷ್ಟು ಸುಲಭದ ದಾರಿ ಇರುತ್ತದೆ ಅಂತ ನಮಗೆ ಹೊಳೆದೇ ಇರಲಿಲ್ಲ.

ಬಿಪಿ ನೋಡೋದು ಅಂದರೆ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬೋದು, ಅಷ್ಟೇ ಅಂದುಕೊಂಡಿದ್ದೆವು. ಮೇಡಂ ಅದಕ್ಕೇ ಸುಮಾರು ಕ್ಲಾಸು ತಗೊಂಡರು. ತೋಳಿಗೆ ಸುತ್ತುವ ಪಟ್ಟಿಯನ್ನು 1896ರಲ್ಲಿ ಇಟಲಿಯ ರಿವಾ-ರೊಚ್ಚಿ ಮಾಡಿದ್ದು, ಸ್ಟೆತಸ್ಕೋಪ್ ಇಟ್ಟು ಶಬ್ದ ಕೇಳುವ ಕ್ರಮವನ್ನು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಹೇಳಿದ್ದು, ಇದೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದೆವು. ಕೆಲಸಕ್ಕೆ ಬಂದದ್ದು ಬೇರೆ. ಬಂದವರನ್ನು ಮೊದಲು ಐದು ನಿಮಿಷ ಸುಮ್ನೆ ಕೂರಿಸಬೇಕು. ಬೆನ್ನಿಗೆ ಆಸರೆ ಇರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು, ತೋಳು ಎದೆಯ ಮಟ್ಟಕ್ಕಿರಬೇಕು, ಅವರೂ ಮಾತಾಡಬಾರದು, ನಾವೂ ಮಾತಾಡಿಸಬಾರದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತದೆ. ಇಷ್ಟರಲ್ಲಿ ಒಂದು ತಪ್ಪಿದರೂ ಇಲ್ಲದ ಕಾಯಿಲೆ ಕಾಗದದ ಮೇಲೆ ಹುಟ್ಟಿಬಿಡಬಹುದು, ಆಮೇಲೆ ಅದಕ್ಕೆ ಮಾತ್ರೆಯೂ ಶುರುವಾಗಬಹುದು. ಹದಿನೈದು ವರ್ಷದ ಮಕ್ಕಳಿಗೆ ಇದನ್ನು ಕೇಳಿದಾಗ ಒಂಥರಾ ಭಯವೂ ಆಯಿತು, ಒಂಥರಾ ಜಂಬವೂ ಬಂತು. ನಾವು ಬರೆಯುವ ನಂಬರಿಗೆ ಅಷ್ಟು ಬೆಲೆ ಇದೆಯಾ ಅಂತ.

ನನಗೆ ತುಂಬಾ ಹಿಡಿಸಿದ್ದು ಉಸಿರು ಎಣಿಸುವ ಪಾಠ. ಪಲ್ಸ್ ಎಣಿಸುವಾಗ ಎದುರಿನವರಿಗೆ ಗೊತ್ತಾದರೆ ತೊಂದರೆ ಇಲ್ಲ. ಉಸಿರು ಹಾಗಲ್ಲ. “ನಿಮ್ಮ ಉಸಿರು ಎಣಿಸ್ತೀನಿ” ಅಂದ ಕೂಡಲೇ ಯಾರೇ ಆದರೂ ಉಸಿರಾಡುವ ರೀತಿ ಬದಲಿಸಿಬಿಡುತ್ತಾರೆ, ಬೇಕಂತ ಅಲ್ಲ, ತಾನಾಗೇ ಆಗುತ್ತದೆ. ಅದಕ್ಕೆ ಮೇಡಂ ಹೇಳಿಕೊಟ್ಟ ಉಪಾಯ: ಪಲ್ಸ್ ಎಣಿಸಿ ಮುಗಿದರೂ ಮಣಿಕಟ್ಟು ಬಿಡಬೇಡಿ, ಇನ್ನೂ ಪಲ್ಸೇ ನೋಡುತ್ತಿರುವ ಹಾಗೆ ಗಡಿಯಾರದ ಕಡೆ ಕಣ್ಣಿಟ್ಟು, ಓರೆಗಣ್ಣಲ್ಲಿ ಎದೆ ಏರಿ ಇಳಿಯೋದನ್ನು ಎಣಿಸಿ. ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ನಮ್ಮ ಲ್ಯಾಬಿನಲ್ಲಿ ನಡೆಯುತ್ತಿರಲಿಲ್ಲ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಇರಬೇಕು ಅಂತ ಪುಸ್ತಕದಲ್ಲಿದೆ. ಆಮೇಲೆ ನಾನು ಎಷ್ಟೋ ಕಡೆ ನೋಡಿದ್ದೇನೆ, ಚಾರ್ಟಿನಲ್ಲಿ ಎಲ್ಲಾ ರೋಗಿಗಳಿಗೂ 18 ಅಂತ ಸಾಲಾಗಿ ಬರೆದಿರುತ್ತದೆ. ಕೆಲಸದ ಒತ್ತಡ ಇರುತ್ತದೆ, ಒಪ್ಪುತ್ತೇನೆ. ಆದರೆ ರೋಗಿ ಹದಗೆಡುವ ಮುಂಚೆ ಮೊದಲು ಬದಲಾಗುವ ನಂಬರುಗಳಲ್ಲಿ ಅದೂ ಒಂದು. ಎಣಿಸದೆ ಬರೆದ 18 ನೋಡಿ ಡಾಕ್ಟರು ನೆಮ್ಮದಿಯಿಂದ ಮುಂದಿನ ಮಂಚಕ್ಕೆ ಹೋಗುತ್ತಾರೆ, ಅಲ್ವಾ?

ಕೈ ತೊಳೆಯುವ ಪಾಠದ ದಿನ ಕ್ಲಾಸ್ ಪೂರ್ತಿ ನಗು. ಕೈಗೆ ತೆಳು ಗ್ಲೌಸ್ ಹಾಕಿಸಿ, ಅಂಗೈಗೆ ಬಣ್ಣ ಸುರಿದು, ಕಣ್ಣು ಮುಚ್ಚಿಕೊಂಡು ಸೋಪು ಹಚ್ಚುವ ಹಾಗೆ ಉಜ್ಜಿ ಅಂದರು. ಕಣ್ಣು ಬಿಟ್ಟು ನೋಡಿದರೆ ಹೆಬ್ಬೆರಳಿನ ಹಿಂಬದಿ, ಬೆರಳ ಸಂದಿ, ಉಗುರಿನ ತುದಿ ಎಲ್ಲಾ ಖಾಲಿ ಖಾಲಿ. ಹುಟ್ಟಿದಾಗಿನಿಂದ ತೊಳೆದುಕೊಂಡು ಬಂದ ಕೈ ಅದು! ಸೋಪು ನೀರಿನಲ್ಲಿ ತೊಳೆಯೋದಕ್ಕೆ ಎಲ್ಲಾ ಸೇರಿ 40ರಿಂದ 60 ಸೆಕೆಂಡು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವು ಒಮ್ಮೆ ಗಡಿಯಾರ ಇಟ್ಟುಕೊಂಡು ತೊಳೆದು ನೋಡಿ, ಎಷ್ಟು ಉದ್ದದ ಹೊತ್ತು ಅಂತ ತಿಳಿಯುತ್ತದೆ.

ಅವತ್ತೇ ಮೇಡಂ ಸೆಮ್ಮಲ್ವೈಸ್ ಅನ್ನೋ ಡಾಕ್ಟರ ವಿಷಯ ಹೇಳಿದ್ದು. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡು. ಒಂದರಲ್ಲಿ ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರುಗಳ ವಾರ್ಡಿನಲ್ಲೇ ಬಾಣಂತಿಯರು ಜಾಸ್ತಿ ಸಾಯುತ್ತಿದ್ದರು. ಈತ ರಿಜಿಸ್ಟರ್ ತೆಗೆದು ಎರಡೂ ವಾರ್ಡಿನ ಸಾವು ಎಣಿಸಿದ. ಹೆಣ ಕೊಯ್ದ ಕೈಯಲ್ಲೇ ವಿದ್ಯಾರ್ಥಿಗಳು ಹೆರಿಗೆಗೆ ಬರುತ್ತಿದ್ದಾರೆ ಅಂತ ಗೊತ್ತಾದ ಮೇಲೆ, 1847ರಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಅಂತ ಕಟ್ಟುನಿಟ್ಟು ಮಾಡಿದ. ಆ ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಆದರೂ ಹೆಚ್ಚಿನ ಡಾಕ್ಟರುಗಳು ಒಪ್ಪಲಿಲ್ಲ. ಆತ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ. “ಆಗ ರೋಗಾಣು ಅಂದರೆ ಏನು ಅಂತ ಅವನಿಗೂ ಗೊತ್ತಿರಲಿಲ್ಲ ಕಣ್ರೋ, ಲೆಕ್ಕ ಮಾತ್ರ ಸರಿಯಾಗಿ ಇಟ್ಟಿದ್ದ” ಅಂದರು ಮೇಡಂ. ಹಿಂದಿನ ಬೆಂಚಿನವರೂ ಸದ್ದಿಲ್ಲದೆ ಕೇಳಿದ ಪಾಠ ಅದೊಂದೇ ಇರಬೇಕು.

ಬೊಂಬೆ ವಿಷಯಕ್ಕೆ ಬರುತ್ತೇನೆ. ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಬದುಕಿಸಲು ನೋಡೋದು, ಅದನ್ನು ಕಲಿಯಲು ಇಟ್ಟಿದ್ದ ಆ ಬೊಂಬೆಯನ್ನು ನಾವು ‘ಅಕ್ಕ’ ಅನ್ನುತ್ತಿದ್ದೆವು. ಇಂಥ ಬೊಂಬೆಯನ್ನು ಮೊದಲು, 1960ರಲ್ಲಿ, ತಂದದ್ದು ನಾರ್ವೆಯ ಆಟಿಕೆ ತಯಾರಕ ಅಸ್ಮಂಡ್ ಲೇರ್ಡಾಲ್. ಅದಕ್ಕೆ ಕೊಟ್ಟ ಮುಖ ಪ್ಯಾರಿಸ್ಸಿನ ಒಬ್ಬ ಹೆಸರಿಲ್ಲದ ಹುಡುಗಿಯ ಮುಖವಾಡದ್ದು, ಆಕೆ ಸೀನ್ ನದಿಯಲ್ಲಿ ಮುಳುಗಿ ಸತ್ತವಳು ಅನ್ನೋ ಕತೆಯೂ ಇದೆ. ಅಕ್ಕನ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಸಿನಿಮಾದಲ್ಲಿ ತೋರಿಸುವ ಹಾಗೆ ಮೊಣಕೈ ಮಡಚಿ ಒತ್ತಿದರೆ ಏನೂ ಆಗಲ್ಲ. ಎರಡು ನಿಮಿಷಕ್ಕೆ ಭುಜ ಬಿದ್ದು ಹೋಗುತ್ತದೆ, ಅದಕ್ಕೇ ಆಳು ಬದಲಿಸಬೇಕು ಅನ್ನೋದು. ಬಾಡಿ ಬಿಲ್ಡಿಂಗ್ ಮಾಡುತ್ತಿದ್ದ ಹುಡುಗ ಏದುಸಿರು ಬಿಟ್ಟಾಗ ಸಣಕಲು ಹುಡುಗಿಯೊಬ್ಬಳು ಮೈಭಾರ ಬಿಟ್ಟು ಲಯ ತಪ್ಪದೆ ಒತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಆಸ್ಪತ್ರೆ ಪೋಸ್ಟಿಂಗ್. ಇಂಜೆಕ್ಷನ್ ಕೊಡಿಸುತ್ತಾರೆ ಅಂತ ಕನಸು ಕಂಡು ಹೋದವರಿಗೆ ನೀರಿನ ಜಗ್ಗು ಕೈಗೆ ಕೊಟ್ಟರು. ಸರಿಯಾದದ್ದೇ. ಹೈಸ್ಕೂಲು ಮಕ್ಕಳ ಕೈಗೆ ಸೂಜಿ ಕೊಡುವವರು ಇದ್ದರೆ ಅವರ ಮೇಲೆ ದೂರು ಕೊಡಬೇಕು. ನಾವು ಮಾಡಿದ್ದು ನೋಡೋದು, ತಂದುಕೊಡೋದು, ಸಿಸ್ಟರ್ ಜೊತೆ ನಿಂತು ಟೆಂಪರೇಚರ್, ಪಲ್ಸ್ ಬರೆಯೋದು, ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಲು ಕೈ ಜೋಡಿಸೋದು. ರೋಗಿ ಮಲಗಿರುವಾಗಲೇ ಶೀಟ್ ಬದಲಿಸುವ ಕೆಲಸ ಇದೆಯಲ್ಲ, ಅದನ್ನು ಸಿಸ್ಟರ್‌ಗಳು ಮಾಡೋದು ನೋಡಬೇಕು. ರೋಗಿಯನ್ನು ಒಂದು ಮಗ್ಗುಲಿಗೆ ತಿರುಗಿಸಿ, ಹಳೆಯ ಶೀಟನ್ನು ಸುರುಳಿ ಸುತ್ತಿ ಬೆನ್ನಿನ ಹತ್ತಿರ ತಂದು, ಹೊಸದನ್ನು ಅದರ ಪಕ್ಕಕ್ಕೆ ಅರ್ಧ ಹಾಸಿ, ಮತ್ತೆ ಈ ಕಡೆ ತಿರುಗಿಸಿ ಹಳೆಯದನ್ನು ಎಳೆದುಬಿಡೋದು. ಒಂದು ಸುಕ್ಕೂ ಇರಬಾರದು. ಚರ್ಮ ಮೆತ್ತಗಾದವರಿಗೆ ಶೀಟಿನ ಸುಕ್ಕಿನಿಂದಲೂ ಗಾಯ ಆಗುತ್ತದೆ.

ವಾರ್ಡಿನಲ್ಲಿ ಒಬ್ಬ ಅಜ್ಜನಿಗೆ ಸ್ಟ್ರೋಕ್ ಆಗಿ ಎಡಗೈ ಬಿದ್ದಿತ್ತು. ಅಂಗಿ ಹಾಕುವಾಗ ಬಿದ್ದ ಕೈಯನ್ನು ಮೊದಲು ಅಂಗಿಯ ತೋಳಿಗೆ ತೂರಿಸಬೇಕು, ಬಿಚ್ಚುವಾಗ ಅದನ್ನು ಕೊನೆಗೆ ಬಿಡಿಸಬೇಕು. ಸಿಸ್ಟರ್ ತೋರಿಸಿಕೊಟ್ಟರು. ಅಜ್ಜ ನನ್ನ ಸಹಪಾಠಿಯನ್ನು ನೋಡಿ “ನೀನು ನಿಧಾನ ಮಾಡು ಮಗ, ನಂಗೇನು ಆಫೀಸಿಗೆ ಹೋಗೋದಿದೆಯಾ” ಅಂದರು. ಆ ಸಹಪಾಠಿ ಮುಂದೆ ಆರೋಗ್ಯದ ಕೆಲಸಕ್ಕೇ ಬರಲಿಲ್ಲ, ಬೇರೆ ವ್ಯಾಪಾರದಲ್ಲಿದ್ದಾನೆ. ಆದರೆ ಅವರಪ್ಪನಿಗೆ ಸ್ಟ್ರೋಕ್ ಆದಾಗ ಮನೆಯಲ್ಲಿ ಅಂಗಿ ಹಾಕಿಸಲು ಬರುತ್ತಿದ್ದದ್ದು ಅವನೊಬ್ಬನಿಗೇ ಅಂತ ಫೋನಿನಲ್ಲಿ ಹೇಳಿದ.

ಇನ್ನೊಬ್ಬಳು ರಕ್ತ ತೆಗೆಯೋದು ನೋಡಿ ಅಲ್ಲೇ ಕುಸಿದಳು. ನರ್ಸ್ ಆಗಬೇಕು ಅಂತ ಚಿಕ್ಕಂದಿನಿಂದ ಹಟ ಹಿಡಿದವಳು. ಅತ್ತಳು ಪಾಪ. ಈಗ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್‌ನಲ್ಲಿದ್ದಾಳೆ, ಕಾಯಿಲೆಗಳಿಗೆ ಕೋಡ್ ಹಾಕುವ ಕೆಲಸ, ಖುಷಿಯಾಗಿದ್ದಾಳೆ. ಕಾಲೇಜಿಗೆ ಹಣ ಕಟ್ಟಿ ಎರಡು ವರ್ಷ ಆದ ಮೇಲೆ ಗೊತ್ತಾಗಬೇಕಿದ್ದದ್ದು ಹೈಸ್ಕೂಲಿನಲ್ಲೇ ಗೊತ್ತಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು ಬಿಟ್ಟು ಎಕ್ಸ್‌ರೇಯವರು, ಲ್ಯಾಬಿನವರು, ಫಿಸಿಯೋ, ಅನಸ್ತೇಸಿಯಾ ಟೆಕ್ನಿಷಿಯನ್, ಉಪಕರಣ ಸ್ಟೆರಿಲೈಸ್ ಮಾಡುವವರು ಅಂತ ಇಷ್ಟು ಜನ ಇರುತ್ತಾರೆ ಅನ್ನೋದೇ ನಮಗೆ ಹೊಸದು. ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಹೊಗಳಿದ್ದು ಸಾಕು, ದೂರೂ ಇದೆ. ಹುಡುಗಿಯರು ಅಂದರೆ ನರ್ಸಿಂಗ್, ಹುಡುಗರು ಅಂದರೆ ಲ್ಯಾಬು ಅಂತ ಯಾರೂ ಬಾಯಿಬಿಟ್ಟು ಹೇಳದೆಯೇ ನಮ್ಮನ್ನು ಹಂಚಿಬಿಟ್ಟಿದ್ದರು. ರೆಕಾರ್ಡ್ ಬುಕ್ಕಿನಲ್ಲಿ ಹೃದಯದ ಚಿತ್ರಕ್ಕೆ ಬಣ್ಣ ತುಂಬಲು ಹೋದ ಸಮಯದಲ್ಲಿ ಇನ್ನೂ ನಾಲ್ಕು ಜನರ ಬಿಪಿ ನೋಡಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಶಾಲೆಯ ಸರ್ಟಿಫಿಕೇಟ್ ಒಂದರಿಂದಲೇ ಟೆಕ್ನಿಷಿಯನ್ನೋ ನರ್ಸೋ ಆಗಲು ಬರಲ್ಲ, ಮುಂದೆ ಡಿಪ್ಲೊಮಾನೋ ಡಿಗ್ರಿನೋ ಮಾಡಲೇಬೇಕು, ರಿಜಿಸ್ಟ್ರೇಷನ್ ಬೇಕಾದ ಕೆಲಸಗಳಿಗೆ ಅದೂ ಬೇಕು ಅಂತ ಸೇರುವ ದಿನವೇ ಅಪ್ಪ ಅಮ್ಮನ ಎದುರಿಗೆ ಹೇಳಬೇಕಿತ್ತು. ನಮಗೆ ಕೊನೆಯ ವರ್ಷ ಗೊತ್ತಾಯಿತು. ಓದು ನಿಲ್ಲಿಸಿ ದುಡಿಯಲು ಹೋಗಲೇಬೇಕಿದ್ದ ಒಂದಿಬ್ಬರಿಗೆ ಇದರಿಂದ ತುಂಬಾ ಕಷ್ಟ ಆಯಿತು.

ನನ್ನ ಈಗಿನ ಕೆಲಸಕ್ಕೂ ಆ ಲ್ಯಾಬಿಗೂ ಏನು ಸಂಬಂಧ ಅಂತ ಕೇಳಬಹುದು. ಡಯಾಲಿಸಿಸ್‌ಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ ಬರುತ್ತಾರೆ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರಿನ ಹೆಚ್ಚಿನ ಪಾಲು ಮೈಯಲ್ಲೇ ನಿಲ್ಲುತ್ತದೆ. ಒಂದು ಲೀಟರ್ ಅಂದರೆ ಒಂದು ಕೆಜಿ. ಹಾಗಾಗಿ ಮೆಷಿನ್ನಿಗೆ ಎಷ್ಟು ನೀರು ತೆಗೆ ಅಂತ ಹೇಳೋದಕ್ಕೆ ನನ್ನ ಹತ್ತಿರ ಇರುವ ಮೊದಲ ಆಧಾರ ತೂಕದ ಮೆಷಿನ್. ಜೇಬಿನಲ್ಲಿ ಮೊಬೈಲು, ಮೈಮೇಲೆ ಸ್ವೆಟರು, ಕಾಲಲ್ಲಿ ಶೂ ಇದ್ದರೆ ಲೆಕ್ಕ ತಪ್ಪುತ್ತದೆ. ಜಾಸ್ತಿ ತೆಗೆದರೆ ಬಿಪಿ ದಢ್ಡನೆ ಇಳಿದು, ಕಾಲು ಹಿಡಿದುಕೊಂಡು ಒದ್ದಾಡುತ್ತಾರೆ. “ಹೋದ ಸಲದಷ್ಟೇ ಬರ್ಕೊಳ್ಳಿ, ಏನಾಗಲ್ಲ” ಅಂತ ಹಳೆಯ ರೋಗಿಗಳು ಸಲಿಗೆಯಿಂದ ಹೇಳುತ್ತಾರೆ. ಇಲ್ಲ, ಶೂ ಬಿಚ್ಚಿ ಹತ್ತಿ ಅನ್ನುತ್ತೇನೆ.

ಸೂಜಿ ಹಾಕುವ ಮೊದಲು ಫಿಸ್ಟುಲಾ ಮುಟ್ಟಿ ನೋಡಬೇಕು. ರಕ್ತನಾಳ ಎರಡನ್ನು ಆಪರೇಷನ್ ಮಾಡಿ ಜೋಡಿಸಿದ ಜಾಗ ಅದು, 1966ರಿಂದ ಬಂದ ಕ್ರಮ, ಹೆಚ್ಚಾಗಿ ಮಣಿಕಟ್ಟಿನ ಹತ್ತಿರ ಇರುತ್ತದೆ. ಬೆರಳಿಟ್ಟರೆ ಒಳಗೆ ಝುಂಯ್ ಅಂತ ಅದುರುತ್ತಿರಬೇಕು, ಸ್ಟೆತಸ್ಕೋಪ್ ಇಟ್ಟರೆ ಸುಯ್ ಸುಯ್ ಶಬ್ದ ಕೇಳಬೇಕು. ಅದುರೋದು ನಿಂತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಡಾಕ್ಟರಿಗೆ ಹೇಳಬೇಕು. ಆ ಕೈಯಲ್ಲಿ ಬಿಪಿ ನೋಡಲೇಬಾರದು. ಹೊಸದಾಗಿ ಸೇರಿದವರು ಮುಟ್ಟದೆಯೇ ‘ಇದೆ’ ಅಂತ ಟಿಕ್ ಹಾಕಲು ಹೋದಾಗ ನನ್ನ ಬಾಯಿಂದ ಮೇಡಂ ಮಾತೇ ಬರುತ್ತದೆ. ಅವರಿಗೆ ನಾನು ಕಿರಿಕಿರಿ ಅನ್ನಿಸುತ್ತೇನೆ, ಗೊತ್ತು.

ಶಾಲೆಯವರಿಗೆ ಒಂದು ಮಾತು. ಆ ಲ್ಯಾಬಿನಲ್ಲಿ ಇನ್ನೂ ಒಂದೇ ಅಳತೆಯ ಬಿಪಿ ಪಟ್ಟಿ ಇದೆಯಂತೆ. ಸಣ್ಣದು, ದೊಡ್ಡದು ಎರಡನ್ನೂ ನಾವು ಹಳೆಯ ವಿದ್ಯಾರ್ಥಿಗಳು ಸೇರಿ ಕೊಡಿಸುತ್ತೇವೆ, ಸೆಕೆಂಡಿನ ಮುಳ್ಳಿರುವ ದೊಡ್ಡ ಗೋಡೆ ಗಡಿಯಾರವನ್ನೂ ಕೊಡಿಸುತ್ತೇವೆ. ಅದನ್ನು ಆಫೀಸ್ ರೂಮಿನಲ್ಲಿ ನೇತುಹಾಕಬೇಡಿ. ಡಯಾಲಿಸಿಸ್ ಯೂನಿಟ್ ನೋಡಬೇಕು ಅನ್ನುವ ಮಕ್ಕಳಿದ್ದರೆ ಮೊದಲೇ ಹೇಳಿ, ಆಸ್ಪತ್ರೆಯವರನ್ನೂ ರೋಗಿಗಳನ್ನೂ ಕೇಳಿ ದಿನ ಗೊತ್ತು ಮಾಡುತ್ತೇನೆ. ಸಣ್ಣ ಗುಂಪಾದರೆ ಒಳ್ಳೆಯದು, ಮೊಬೈಲು ಹೊರಗೇ ಇಟ್ಟು ಬರಬೇಕು.