ಒಂದು ಯೂನಿಟ್ ಕರೆಂಟಿಗೆ ಎಷ್ಟು ಇಂಗಾಲ?

ನಾನು ವಿದ್ಯುತ್ ಲೆಕ್ಕಾಚಾರದ ಕೆಲಸ ಮಾಡುತ್ತೇನೆಂದು ತಿಳಿದ ಕೂಡಲೇ ಅನೇಕರು ಬಿಲ್ಲನ್ನೇ ಮುಂದೆ ಹಿಡಿದು ಕೇಳುತ್ತಾರೆ: “ನಮ್ಮ ಮನೆಗೆ ತಿಂಗಳಿಗೆ 150 ಯೂನಿಟ್ ಆಗುತ್ತದೆ. ಇದರಿಂದ ಎಷ್ಟು ಇಂಗಾಲ ಗಾಳಿಗೆ ಸೇರಿತು? ಉಳಿಸಿದರೆ ಎಷ್ಟು ಕಡಿಮೆಯಾಗುತ್ತದೆ?” ಇವು ಎರಡು ಬೇರೆ ಪ್ರಶ್ನೆಗಳು, ಉತ್ತರವೂ ಒಂದೇ ಅಲ್ಲ.

ಮೊದಲನೆಯದು ಸುಲಭ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರವು ಪ್ರಕಟಿಸುವ ದೇಶದ ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅಂದರೆ 150 ಯೂನಿಟ್ಟಿಗೆ 105 ಕೆ.ಜಿ. ಶರಾವತಿಯ ಜಲವಿದ್ಯುತ್, ಕೈಗಾದ ಅಣುವಿದ್ಯುತ್, ಪಾವಗಡದ ಸೌರವಿದ್ಯುತ್ ಇರುವ ನಮಗೆ ದೇಶದ ಸರಾಸರಿಯೇಕೆ ಎಂದು ಕೆಲವರು ತಕರಾರು ತೆಗೆಯುತ್ತಾರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣದ ಜಾಲವು ಉಳಿದ ದೇಶದ ಜಾಲದೊಂದಿಗೆ ಬೆಸೆದುಕೊಂಡಿತು. ಆಮೇಲೆ ನಮ್ಮ ಮೀಟರಿಗೆ ಬಂದ ಯೂನಿಟ್ ಯಾವ ಊರಿನದೆಂದು ವಿಂಗಡಿಸುವಂತಿಲ್ಲ.

ಎರಡನೆಯದಕ್ಕೆ ಕಲ್ಲಿದ್ದಲಿನ ಬಳಿಗೇ ಹೋಗಬೇಕು. ಬೂದಿಯೇ ಮೂರನೆಯ ಒಂದು ಭಾಗದಷ್ಟಿರುವ ನಮ್ಮ ಕಲ್ಲಿದ್ದಲಿನ ಒಂದು ಕೆ.ಜಿ.ಯಿಂದ ಸುಮಾರು 3,600 ಕಿಲೋಕ್ಯಾಲೊರಿ ಶಾಖ ಸಿಗುತ್ತದೆ ಎಂದಿಟ್ಟುಕೊಂಡರೆ, ಒಂದು ಯೂನಿಟ್ಟಿಗೆ ಮುಕ್ಕಾಲು ಕೆ.ಜಿ.ಗಿಂತ ತುಸು ಕಡಿಮೆ ಕಲ್ಲಿದ್ದಲು ಬೇಕು. ಹೊರಬರುವ ಅನಿಲ ಮಾತ್ರ 0.95 ಕೆ.ಜಿ.ಯ ಆಸುಪಾಸು. ಸುಟ್ಟ ವಸ್ತುವಿಗಿಂತ ಹೊಗೆಯ ತೂಕ ಹೆಚ್ಚೆಂದರೆ ಯಾರೂ ನಂಬುವುದಿಲ್ಲ. ಆದರೆ 12 ಗ್ರಾಂ ಇಂಗಾಲವು ಗಾಳಿಯಿಂದ 32 ಗ್ರಾಂ ಆಮ್ಲಜನಕವನ್ನು ಎಳೆದುಕೊಂಡು 44 ಗ್ರಾಂ ಆಗುತ್ತದೆ.

ನೀವು ಒಂದು ಯೂನಿಟ್ ಉಳಿಸಿದಾಗ ಸಾಮಾನ್ಯವಾಗಿ ಉತ್ಪಾದನೆ ತಗ್ಗಿಸುವುದು ಇಂಥ ಕಲ್ಲಿದ್ದಲು ಘಟಕವೇ. ಶರಾವತಿಯಲ್ಲಿ ತಗ್ಗಿಸಿದರೂ ಆ ನೀರು ಲಿಂಗನಮಕ್ಕಿಯಲ್ಲಿ ಉಳಿದು, ಇನ್ನೊಂದು ಸಂಜೆ ಕಲ್ಲಿದ್ದಲಿನ ಬದಲಿಗೆ ಹರಿಯುತ್ತದೆ. ಆದ್ದರಿಂದ ಉಳಿತಾಯಕ್ಕೆ ನಾನು 0.7 ಅಲ್ಲ, 0.9ಕ್ಕೂ ಮೇಲಿನ ಅಂಕಿಯನ್ನೇ ಹಾಕುತ್ತೇನೆ.

ವೆಚ್ಚದ ಕಥೆ ತಿರುಗುಮುರುಗು. ಸ್ಥಾವರದ ಸಾಲ, ಸಂಬಳ, ನಿರ್ವಹಣೆ ಸೇರಿದ ಸ್ಥಿರ ವೆಚ್ಚವನ್ನು, ಘಟಕ ಓಡಲಿ ಬಿಡಲಿ, ಸಿದ್ಧವಾಗಿದ್ದುದಕ್ಕಾಗಿ ವಿತರಣಾ ಕಂಪನಿ ಕೊಡಲೇಬೇಕು. ಉಳಿಯುವುದು ಇಂಧನದ ವೆಚ್ಚವಷ್ಟೇ. ಹೊಗೆ ಪೂರ್ತಿ ಇಳಿದರೂ ಖರ್ಚು ಅರೆಬರೆ ಇಳಿಯುತ್ತದೆ.

ಹೊಗೆಗೆ ಹಾಕಿದ ಬೆಲೆಯೂ ಅಲ್ಪವೇ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯಿಂದ ಆರಂಭವಾದ ಸೆಸ್ 2016ರಲ್ಲಿ 400 ರೂಪಾಯಿ ಆಯಿತು. ಯೂನಿಟ್ಟಿಗೆ ಲೆಕ್ಕ ಹಾಕಿದರೆ 27 ಪೈಸೆಯಷ್ಟು. 2025ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇ 5ರಿಂದ 18ಕ್ಕೆ ಏರಿಸಲಾಯಿತು. ಸೆಸ್ ತೂಕದ ಮೇಲಿತ್ತು, ಜಿಎಸ್‌ಟಿ ಬೆಲೆಯ ಮೇಲೆ. ಹೀಗಾಗಿ ಅಗ್ಗದ, ಬೂದಿ ಹೆಚ್ಚಿರುವ ಕಲ್ಲಿದ್ದಲಿಗೆ ಈಗ ತೆರಿಗೆಯೂ ಕಡಿಮೆ ಬೀಳುತ್ತದೆ. ನನ್ನ ಲೆಕ್ಕದ ಹಾಳೆಯಲ್ಲಿ ಮಾತ್ರ ಆ 27 ಪೈಸೆಯ ಸಾಲನ್ನು ಇನ್ನೂ ಅಳಿಸಿಲ್ಲ.